ಸಂಕ ದಾಟುವ ಬ್ಯಾಟರಿ: ಸರ್ವಿಸ್ ಹುಡುಗರನ್ನು ಜೋಡಿ ಮಾಡಿದ ಮಳೆಗಾಲದ ಡೈರಿ

ಜೂನ್ ಎರಡನೇ ವಾರ. ಸಂಜೆ ಆರೂವರೆ. ವಾನಳ್ಳಿ ಕಡೆಯ ಒಂದು ಮನೆಗೆ ಬ್ಯಾಟರಿ ಬದಲಿಸಲು ಹೋದ ಹುಡುಗ ಶಿರಸಿಗೆ ವಾಪಸ್ ಬಂದ. ಮೈಯೆಲ್ಲ ಒದ್ದೆ. ಓಮ್ನಿ ಹಿಂದಿನ ಬಾಗಿಲು ತೆಗೆದರೆ ಹೊಸ ಬ್ಯಾಟರಿ ಬೆಳಿಗ್ಗೆ ಇಟ್ಟ ಹಾಗೇ ಕೂತಿದೆ.

"ಗಾಡಿ ಮನೆ ತನಕ ಹೋಗುವುದಿಲ್ಲ. ಮಧ್ಯದಲ್ಲಿ ಸಂಕ ಇದೆ. ಒಬ್ಬನಿಗೆ ದಾಟಿಸಲು ಆಗಲಿಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದ. "ಆ ಮನೆ ಅಮ್ಮ ಬಾಗಿಲಿಗೆ ಬಂದು 'ತಮಾ, ಒಬ್ನೇಯ?' ಅಂದರು. ಆಮೇಲೆ ತಾವೇ ಒಂದು ಬದಿ ಹಿಡಿಯುತ್ತೇನೆ ಅಂತ ಸೆರಗು ಕಟ್ಟಿಕೊಂಡು ಸಂಕದ ತನಕ ಬಂದರು. ನಾನೇ ಬೇಡ ಅಂದೆ."

ಅವರಿಗೆ ಎಪ್ಪತ್ತು ದಾಟಿದೆ. 150 ಎಎಚ್ (ಆಂಪಿಯರ್ ಅವರ್) ಟಾಲ್ ಟ್ಯೂಬುಲರ್ ಬ್ಯಾಟರಿ ಆಸಿಡ್ ತುಂಬಿದ ಮೇಲೆ 50ರಿಂದ 60 ಕೆಜಿ ತೂಗುತ್ತದೆ. ಸಂಕ ಅಂದರೆ ಹಳ್ಳದ ಮೇಲೆ ಅಡ್ಡ ಹಾಕಿದ ಅಡಿಕೆ ಮರದ ದಬ್ಬೆ, ಮಳೆಗಾಲದಲ್ಲಿ ಹಾವಸೆ ಕಟ್ಟಿ ಸೋಪಿನ ಹಾಗೆ ಜಾರುತ್ತದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹುಡುಗನನ್ನು ಅಲ್ಲಿಗೆ ಒಬ್ಬನೇ ಕಳಿಸಿದ್ದು ನಾನು. ಕೆಲಸ ಹಂಚುವ ಪುಸ್ತಕ ನನ್ನ ಕೈಯಲ್ಲೇ ಇರುವುದು.

ನಮ್ಮದು ಇನ್ವರ್ಟರ್, ಬ್ಯಾಟರಿ, ಸೋಲಾರ್ ಮಾರಾಟ ಮತ್ತು ಸರ್ವಿಸ್. ಟೆಕ್ನಿಶಿಯನ್‌ಗಳು ಒಟ್ಟು ಏಳು ಜನ. ಐವರು ಶಿರಸಿಯಲ್ಲಿ, ಇಬ್ಬರು ಕುಮಟಾದಲ್ಲಿ. ಅವರನ್ನು ಒಬ್ಬೊಬ್ಬರಾಗಿ ಕಳಿಸುವುದನ್ನು ಬಿಟ್ಟು ತಂಡ ಮಾಡಿ ಕಳಿಸಲು ಈ ಮಳೆಗಾಲ ಪೂರ್ತಿ ಒದ್ದಾಡಿದೆ. ಒಂದು ಬೋರ್ಡ್ ಮಾಡಿದೆ, ಒಂದು ಶೀಟ್ ಮಾಡಿದೆ. ಎರಡೂ ಕೆಟ್ಟವು, ಎರಡನ್ನೂ ರಿಪೇರಿ ಮಾಡಿದೆ. ಇದೇ ಕೆಲಸ ಮಾಡುವವರು ಘಟ್ಟದ ಮೇಲೆ ಕೆಳಗೆ ಇನ್ನೂ ತುಂಬ ಜನ ಇದ್ದೀರಿ, ನಿಮಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಹಳೇ ಪುಸ್ತಕ ತೆಗೆದೆ

ಮಾರನೇ ದಿನ ಭಾನುವಾರ. ಒಂದು ಕೆಂಪು ಪೆನ್ ಹಿಡಿದು ಕಂಪ್ಲೇಂಟ್ ಪುಸ್ತಕದ ಮುಂದೆ ಕೂತೆ. ಒಂದೇ ಮನೆಗೆ ಒಂದೇ ಕಂಪ್ಲೇಂಟಿಗೆ ಎರಡನೇ ಸಲ ಹೋದಲ್ಲೆಲ್ಲ ಗೆರೆ ಎಳೆದೆ. ಪುಟಕ್ಕೆ ನಾಲ್ಕು, ಕೆಲವು ಪುಟದಲ್ಲಿ ಐದು ಗೆರೆ ಬಿತ್ತು. ನಾನು ಇಷ್ಟು ದಿನ 'ಇವತ್ತು ಎಷ್ಟು ಕಾಲ್ ಆಯಿತು' ಅಂತ ಎಣಿಸುತ್ತಿದ್ದೆ. ಎರಡನೇ ಸಲ ಹೋದದ್ದೂ ಅದರಲ್ಲಿ ಒಂದು ಕಾಲ್ ಆಗಿ ಸೇರಿಕೊಂಡಿತ್ತು. ಹಾಗಾಗಿ ಸುಮ್ನೆ ತಿರುಗಿದ್ದೂ ಲೆಕ್ಕದಲ್ಲಿ ಕೆಲಸದಂತೆ ಕಾಣುತ್ತಿತ್ತು.

ಗೆರೆ ಎಳೆದ ಕಡೆಯೆಲ್ಲ ಕಾರಣ ಏನು ಅಂತ ಹುಡುಗರನ್ನು ಕೇಳುತ್ತ ಹೋದೆ. ಭಾರ ಎತ್ತಲು ಆಗಲಿಲ್ಲ. ಏಣಿ ಹಿಡಿಯಲು ಜನ ಇರಲಿಲ್ಲ. ಬ್ಯಾಟರಿ ಅಂತ ಹೋದೆ, ನೋಡಿದರೆ ಇನ್ವರ್ಟರಿನ ಬೋರ್ಡ್ ಹೋಗಿದೆ, ಅದು ನನಗೆ ಬರುವುದಿಲ್ಲ. ಫೋನ್ ಮಾಡಿ ಹಿರಿಯರ ಹತ್ತಿರ ಕೇಳೋಣ ಅಂದರೆ ಸಿಗ್ನಲ್ ಇಲ್ಲ. ಸಾಮಾನು ತಪ್ಪು ಒಯ್ದಿದ್ದೆ ಅನ್ನುವುದೂ ಇತ್ತು, ಆದರೆ ಜಾಸ್ತಿ ಇರಲಿಲ್ಲ. ಮುಕ್ಕಾಲು ಪಾಲು ಗೆರೆ ಜೊತೆಯಲ್ಲಿ ಇನ್ನೊಬ್ಬ ಇದ್ದಿದ್ದರೆ ಬೀಳುತ್ತಿರಲಿಲ್ಲ.

ಇದಕ್ಕಿಂತ ಬೇಸರ ಆದದ್ದು ಇನ್ನೊಂದು ವಿಷಯಕ್ಕೆ. ಹುಲೇಕಲ್ ರಸ್ತೆಯಲ್ಲಿ ಒಂದೇ ವಾರ ಮೂವರು ಬೇರೆ ಬೇರೆ ದಿನ ಹೋಗಿ ಬಂದಿದ್ದಾರೆ. ಒಬ್ಬೊಬ್ಬರ ಹೆಸರಿನ ಕೆಳಗೆ ಕೆಲಸ ಬರೆಯುವಾಗ ಯಾರು ಖಾಲಿ ಇದ್ದಾರೆ ಅಂತ ಮಾತ್ರ ನೋಡುತ್ತಿದ್ದೆ. ಯಾವ ರಸ್ತೆ ಅಂತ ನೋಡುತ್ತಲೇ ಇರಲಿಲ್ಲ.

ನಮ್ಮ ಊರಲ್ಲಿ ಅಡಿಕೆ ಕೊನೆ ಕೊಯ್ಯಲು ಯಾರೂ ಒಬ್ಬನೇ ಆಳನ್ನು ಹೇಳುವುದಿಲ್ಲ. ಕೊನೆಗೌಡ ಮರದ ಮೇಲಿದ್ದರೆ ಕೆಳಗೆ ಹಗ್ಗ ಹಿಡಿಯುವವ ಇರಲೇಬೇಕು. ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯುವಾಗಲೂ ಮೇಲೆ ಒಬ್ಬ, ಕೆಳಗೆ ಪೈಪು ನೋಡಿಕೊಳ್ಳಲು ಒಬ್ಬ, ಮದ್ದು ಕದಡಲು ಇನ್ನೊಬ್ಬ. ಫೋನ್ ಮಾಡುವಾಗಲೇ "ನಿಮ್ಮ ಕಡೆಯವರು ಯಾವತ್ತು ಬರ್ತ್ರಿ?" ಅಂತ ಇಡೀ ತಂಡವನ್ನೇ ಕೇಳುತ್ತಾರೆ. ಕುಮಟಾದ ನಮ್ಮ ಹುಡುಗರಿಗೆ ಇದನ್ನು ಹೇಳಿದಾಗ ಅವರು ಅಂದದ್ದು, "ರಂಪಣಿ ಬಲೆ ಒಬ್ಬ ಎಳೆಯುವುದನ್ನು ನೋಡಿದ್ದೀರಾ?" ಅದು ದಡದಿಂದ ಎಳೆಯುವ ದೊಡ್ಡ ಮೀನು ಬಲೆ. ಸುತ್ತ ಇಷ್ಟೆಲ್ಲ ನೋಡಿಕೊಂಡೇ ಬೆಳೆದ ನಾನು ಹುಡುಗರನ್ನು ಮಾತ್ರ ಒಬ್ಬೊಬ್ಬರಾಗಿ ಹಂಚುತ್ತಿದ್ದೆ.

ಬೋರ್ಡ್

ಮೊಬೈಲಿನಲ್ಲೇ ಮಾಡಬಹುದಿತ್ತು. ಆದರೆ ಬೆಳಿಗ್ಗೆ ಎಂಟೂವರೆಗೆ ಎಲ್ಲರೂ ಚಹಾ ಕುಡಿಯುತ್ತ ಒಟ್ಟಿಗೆ ನಿಲ್ಲುವುದು ಹಿಂದಿನ ಗೋದಾಮಿನ ಗೋಡೆಯ ಎದುರು. ಎಲ್ಲರ ಕಣ್ಣಿಗೂ ಒಟ್ಟಿಗೆ ಬೀಳಬೇಕು, ಮಾತಾಡಿ ಬದಲಿಸಲು ಆಗಬೇಕು ಅನ್ನಿಸಿತು. ಅದಕ್ಕೇ ಬೋರ್ಡ್.

ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ 12 ಎಂಎಂ ಪ್ಲೈವುಡ್ ತಂದೆ. ಅಡ್ಡಕ್ಕೆ ಸೋಮವಾರದಿಂದ ಶನಿವಾರ, ಆರು ಮನೆ. ಉದ್ದಕ್ಕೆ ನಾಲ್ಕು ಸಾಲು. ಪ್ರತಿ ಮನೆಗೆ ಎರಡು ಕಪ್ ಹುಕ್ಕು, ಮೇಲಿನದು ಮಧ್ಯಾಹ್ನದ ಒಳಗೆ, ಕೆಳಗಿನದು ಊಟದ ನಂತರ. ಒಟ್ಟು 48 ಹುಕ್ಕು. ಡ್ರಿಲ್ಲಿನಲ್ಲಿ ಮೊದಲು ಸಣ್ಣ ತೂತು ಹೊಡೆದುಕೊಂಡರೆ ಕೈಯಲ್ಲೇ ತಿರುಪಬಹುದು. ಕಾರ್ಡಿಗೆ ಬ್ಯಾಟರಿ ಪೆಟ್ಟಿಗೆಯ ರಟ್ಟನ್ನು ಅಂಗೈ ಅಗಲಕ್ಕೆ ಕತ್ತರಿಸಿದೆ. ಒಂದು ಕೆಲಸಕ್ಕೆ ಒಂದು ಕಾರ್ಡ್.

ಸಾಲುಗಳಿಗೆ ಏನು ಹೆಸರು ಬರೆಯುವುದು ಅನ್ನುವುದೇ ನಿಜವಾದ ಕೆಲಸ. ಮೊದಲು ಜೋಡಿಯ ಇಬ್ಬರ ಹೆಸರು ಬರೆದೆ. ಹಿರಿಯ ಟೆಕ್ನಿಶಿಯನ್ ಇದ್ದಾರಲ್ಲ, ನಾವೆಲ್ಲ ಅಣ್ಣ ಅಂತ ಕರೆಯುವುದು, ಅವರು ಚಹಾ ಲೋಟ ಹಿಡಿದು ಅದನ್ನೇ ನೋಡುತ್ತ ನಿಂತರು. "ನಾನು ನಾಳೆ ಜ್ವರ ಬಂದು ಮಲಗಿದರೆ ಈ ಸಾಲು ಏನಾಗ್ತದೆ?" ಅಂದರು. ಅವರು ಹೇಳಿದ್ದು ಸರಿ. ಹೆಸರು ಅಳಿಸಿ ದಿಕ್ಕು ಬರೆದೆ: ಹುಲೇಕಲ್ ತಂಡ, ಬನವಾಸಿ ತಂಡ, ಪೇಟೆ, ಕುಮಟಾ ತಂಡ. ಜನರ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು ಸಾಲಿನ ಎಡಕ್ಕೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದೆ. ಕೆಲಸ ತಂಡದ್ದು, ತಂಡದಲ್ಲಿ ಇವತ್ತು ಯಾರಿದ್ದಾರೆ ಅನ್ನುವುದು ಬೇರೆ. ಆ ಎರಡನ್ನು ಬಿಡಿಸಿ ಇಟ್ಟದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು.

ಶಿರಸಿಯ ಐವರಲ್ಲಿ ನಾಲ್ವರು ಎರಡು ಜೋಡಿ. ಐದನೆಯವನು ಪೇಟೆಗೆ, ಸ್ಕೂಟರಿನಲ್ಲಿ ಒಬ್ಬನೇ. ಎಲ್ಲರನ್ನೂ ಜೋಡಿ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಪೇಟೆಯಲ್ಲಿ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್ ಉಜ್ಜಿ ಪೆಟ್ರೋಲಿಯಂ ಜೆಲ್ಲಿ ಹಚ್ಚುವುದು, ಫ್ಯೂಸ್ ನೋಡುವುದು, ಇವಕ್ಕೆಲ್ಲ ಇಬ್ಬರು ಹೋದರೆ ಒಬ್ಬ ಸುಮ್ನೆ ನಿಂತಿರುತ್ತಾನೆ. ಇನ್ನೊಬ್ಬ ಬೇಕಾದರೆ ಹತ್ತು ನಿಮಿಷದಲ್ಲಿ ಅಂಗಡಿಯಿಂದ ಬರಬಹುದು. ಹಳ್ಳಿಯಲ್ಲಿ ಹಾಗಲ್ಲ. ಅಲ್ಲಿ ಮರೆತ ಒಂದು ಸ್ಪ್ಯಾನರಿಗೂ ಅರ್ಧ ದಿನ ಹೋಗುತ್ತದೆ.

ಜೋಡಿ ಮಾಡುವಾಗ ಗೆಳೆಯರನ್ನು ಗೆಳೆಯರ ಜೊತೆ ಹಾಕಲಿಲ್ಲ. ಅವನಿಗೆ ಬಾರದ ಕೆಲಸ ಇವನಿಗೆ ಬರುತ್ತದಾ ಅಂತ ನೋಡಿದೆ. ಅಣ್ಣನಿಗೆ ಇನ್ವರ್ಟರ್ ಬೋರ್ಡ್ ಕೈಗೂಡಿದೆ, ಆದರೆ ಮಂಡಿ ನೋವು, ಹೆಂಚಿನ ಮಾಡು ಹತ್ತಲಾರರು. ಅವರ ಜೊತೆಗೆ ಕಳೆದ ವರ್ಷ ಐಟಿಐ ಮುಗಿಸಿ ಬಂದ ಹುಡುಗ, ವಾನಳ್ಳಿಯಿಂದ ಒದ್ದೆಯಾಗಿ ಬಂದವನೇ.

ಗಾಡಿ ಮನೆ ತನಕ ಹೋಗುತ್ತದಾ?

ಕಾರ್ಡಿನಲ್ಲಿ ಮೊದಲು ಬರೆಯುತ್ತಿದ್ದದ್ದು ಊರು, ಮನೆ, ಫೋನ್ ನಂಬರ್, ಕಂಪ್ಲೇಂಟ್ ಮಾತ್ರ. ಈಗ ಫೋನ್ ಎತ್ತಿದ ತಕ್ಷಣ ಇನ್ನೂ ಮೂರು ವಿಷಯ ಕೇಳುತ್ತೇನೆ. ಗಾಡಿ ಮನೆ ತನಕ ಹೋಗುತ್ತದಾ, ನಡುವೆ ಸಂಕ ಇದೆಯಾ? ಬ್ಯಾಟರಿ ಎಲ್ಲಿಟ್ಟಿದ್ದೀರಿ, ಮೆತ್ತಿನ ಮೇಲಾ ಕೆಳಗಾ? ಪ್ಯಾನೆಲ್ ಹೆಂಚಿನ ಮೇಲಾ, ಟೆರೇಸಿನ ಮೇಲಾ, ಅಂಗಳದಲ್ಲಾ? ಇದರಿಂದಲೇ ಎಷ್ಟು ಜನ ಬೇಕು ಅಂತ ಗೊತ್ತಾಗುತ್ತದೆ. ಇಬ್ಬರು ಬೇಕಾದ ಕಾರ್ಡಿನ ಮೂಲೆಗೆ ಹಳದಿ ಇನ್ಸುಲೇಶನ್ ಟೇಪ್ ಅಂಟಿಸುತ್ತೇನೆ. ಮಾಡು ಹತ್ತುವುದಿದ್ದರೆ ಕೆಂಪು ಟೇಪ್.

ವಾನಳ್ಳಿಯ ಆ ಮನೆಗೆ ಮೊದಲ ಹಳದಿ ಕಾರ್ಡ್ ಹೋಯಿತು. ನಾನೂ ಹೋಗಿದ್ದೆ, ಕಣ್ಣಿನಿಂದ ನೋಡಬೇಕಿತ್ತು. ಗಟ್ಟಿ ಗೋಣಿಚೀಲವನ್ನು ಬ್ಯಾಟರಿಯ ಅಡಿಗೆ ಹಾಸಿ, ಎರಡೂ ಬದಿ ಹಗ್ಗ ಕಟ್ಟಿ, ಆರು ಅಡಿಯ ಬಿದಿರು ಗಳ ತೂರಿಸಿದರು. ಮುಂದೆ ಒಬ್ಬ, ಹಿಂದೆ ಒಬ್ಬ, ಹೆಗಲ ಮೇಲೆ. ಬ್ಯಾಟರಿ ನೆಟ್ಟಗೇ ಇರಬೇಕು, ವಾಲಿದರೆ ಮುಚ್ಚಳದ ಸಂದಿಯಿಂದ ಆಸಿಡ್ ಸೋರುತ್ತದೆ. ಸಂಕದ ಹತ್ತಿರ ಬಂದಾಗ ನಿಲ್ಲಿಸಿ ಕೆಳಗಿಟ್ಟರು. ಹುಡುಗ ಸಂಕದ ಮೇಲಿನ ಹಾವಸೆಯನ್ನು ಕತ್ತಿಯ ಬೆನ್ನಿನಿಂದ ಕೆರೆದ, ಮೇಲೆ ಒಂದು ಹಿಡಿ ಮರಳು ಚೆಲ್ಲಿದ. ಅಣ್ಣನ ಬದಲು ಆ ದಿನ ಬನವಾಸಿ ತಂಡದಿಂದ ಒಬ್ಬ ಗಟ್ಟಿಗ ಬಂದಿದ್ದ. ಇಬ್ಬರೂ ಒಂದೇ ಕಾಲು ಒಟ್ಟಿಗೆ ಇಡದೆ, ಒಬ್ಬ ಬಲ, ಒಬ್ಬ ಎಡ ಇಡುತ್ತ ದಾಟಿದರು. ಒಟ್ಟಿಗೆ ಇಟ್ಟರೆ ಗಳ ತೂಗುತ್ತದಂತೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಆ ಅಮ್ಮ ಎಲ್ಲರಿಗೂ ಕೋಕಂ ಪಾನಕ ಕೊಟ್ಟರು. ಹಳೇ ಬ್ಯಾಟರಿಯನ್ನು ಅದೇ ಗಳದಲ್ಲಿ ವಾಪಸ್ ತಂದದ್ದಾಯಿತು. ಈಗ ಹುಲೇಕಲ್ ತಂಡದ ಓಮ್ನಿಯಲ್ಲಿ ಗಳ, ಗೋಣಿ, ಹಗ್ಗ ಯಾವಾಗಲೂ ಇರುತ್ತದೆ.

ಶೀಟ್ ಮತ್ತು ಅದು ಕೆಟ್ಟ ಬಗೆ

ಬೋರ್ಡ್ ವಾರದ್ದು. ಶನಿವಾರ ಕಾರ್ಡ್ ತೆಗೆದರೆ ದಾಖಲೆ ಉಳಿಯುವುದಿಲ್ಲ. ಅದಕ್ಕೆ ಗೂಗಲ್ ಶೀಟ್ ಮಾಡಿದೆ. ಒಂದು ಸಾಲಿಗೆ ಒಂದು ಕೆಲಸ: ದಿನ, ಊರು, ರಸ್ತೆ, ಕೆಲಸದ ಬಗೆ, ಎಷ್ಟು ಜನ ಬೇಕು, ಯಾವ ಕೆಲಸ ಬರುವ ಕೈ ಬೇಕು, ಎಷ್ಟು ಹೊತ್ತು, ಯಾವ ತಂಡ, ಮುಗಿಯಿತಾ ಇಲ್ಲವಾ. ಇನ್ನೊಂದು ಹಾಳೆಯಲ್ಲಿ ಯಾವ ತಂಡದಲ್ಲಿ ಯಾರು ಯಾರು ಅಂತ ಬರೆದಿಟ್ಟೆ.

ಜುಲೈ ಮಧ್ಯದಲ್ಲಿ ಇಬ್ಬರನ್ನು ಅದಲು ಬದಲು ಮಾಡಿದೆ. ಎರಡನೇ ಹಾಳೆಯಲ್ಲಿ ಹೆಸರು ತಿದ್ದಿದೆ, ಮುಗಿಯಿತು ಅಂದುಕೊಂಡೆ. ತಿಂಗಳ ಕೊನೆಗೆ ಇನ್ಸೆಂಟಿವ್ ಲೆಕ್ಕ ಹಾಕಿದರೆ, ಜುಲೈ ಮೊದಲ ವಾರ ಒಬ್ಬ ಮಾಡಿದ ಕೆಲಸವೆಲ್ಲ ಇನ್ನೊಬ್ಬನ ಹೆಸರಿಗೆ ಹೋಗಿದೆ. ತಂಡದ ಹೆಸರು ಅದೇ, ಒಳಗಿನ ಮನುಷ್ಯ ಬದಲಾಗಿದ್ದಾನೆ, ಹಿಂದಿನದೂ ಹೊಸಬನದ್ದೇ ಅಂತ ಶೀಟ್ ತೋರಿಸುತ್ತಿದೆ. ದುಡ್ಡಿನ ವಿಷಯ, ಸುಲಭಕ್ಕೆ ಮಾತು ಹುಟ್ಟುತ್ತದೆ. ಆ ಸಂಜೆ ಕೂತು ಸರಿ ಮಾಡಿದೆ.

ರಿಪೇರಿ ಇಷ್ಟೇ. ತಂಡದ ಹಾಳೆಯಲ್ಲಿ ಹೆಸರು ತಿದ್ದಲೇಬಾರದು. ಪ್ರತಿಯೊಬ್ಬನ ಮುಂದೆ 'ಯಾವಾಗಿನಿಂದ', 'ಯಾವಾಗಿನ ತನಕ' ಅಂತ ಎರಡು ಕಾಲಂ. ಒಬ್ಬ ತಂಡ ಬಿಟ್ಟರೆ ಅವನ ಸಾಲಿನಲ್ಲಿ 'ತನಕ' ತುಂಬುವುದು, ಹೊಸಬನಿಗೆ ಕೆಳಗೆ ಹೊಸ ಸಾಲು. 'ತನಕ' ಖಾಲಿ ಇದ್ದರೆ ಈಗಲೂ ಇದ್ದಾನೆ ಅಂತ ಅರ್ಥ. ಆಮೇಲೆ ಫಿಲ್ಟರ್ ಸೂತ್ರದಲ್ಲಿ ಕೆಲಸದ ದಿನ ಈ ಎರಡು ದಿನಗಳ ನಡುವೆ ಬರುತ್ತದಾ ಅಂತ ನೋಡಿ ಹೆಸರು ಎಳೆದುಕೊಳ್ಳುವುದು. ಜುಲೈ 3ರ ಕೆಲಸಕ್ಕೆ ಜುಲೈ 3ರಂದು ತಂಡದಲ್ಲಿ ಇದ್ದವರೇ ಬರುತ್ತಾರೆ, ಎಷ್ಟು ಸಲ ಅದಲು ಬದಲು ಮಾಡಿದರೂ.

ಎರಡನೇ ಕೆಡುಕು ಕಣ್ಣಿಗೆ ಬೀಳುವುದಕ್ಕೆ ಇನ್ನೂ ಒಂದು ವಾರ ಬೇಕಾಯಿತು. ಆ ಗಟ್ಟಿಗನನ್ನು ಆಗಾಗ ಹುಲೇಕಲ್ ತಂಡಕ್ಕೆ ಎರವಲು ಕೊಡುತ್ತಿದ್ದೆನಲ್ಲ, ಒಂದು ಗುರುವಾರ ಅವನು ಬೆಳಿಗ್ಗೆ ಹತ್ತಕ್ಕೆ ಎರಡೂ ಕಡೆ ಇರಬೇಕು ಅಂತ ಆಗಿತ್ತು. ತಂಡದ ಲೆಕ್ಕದಲ್ಲಿ ಏನೂ ತಪ್ಪಿಲ್ಲ, ಒಂದೊಂದು ತಂಡಕ್ಕೂ ಹತ್ತು ಗಂಟೆಗೆ ಒಂದೊಂದೇ ಕೆಲಸ. ಮನುಷ್ಯನ ಲೆಕ್ಕದಲ್ಲಿ ತಪ್ಪು. ಕೆಲಸವನ್ನು ತಂಡಕ್ಕೆ ಕೊಟ್ಟರೂ ಡಿಕ್ಕಿ ಹೊಡೆಯುತ್ತದಾ ಅಂತ ನೋಡುವುದನ್ನು ಆಳಿಗೊಂದರಂತೆ ನೋಡಬೇಕು. ಈಗ ಪ್ರತಿಯೊಬ್ಬನಿಗೂ ಒಂದು ಸೂತ್ರ ಇದೆ. ಒಂದು ಕೆಲಸ ಶುರುವಾಗುವುದು ಇನ್ನೊಂದು ಮುಗಿಯುವ ಮೊದಲು, ಮುಗಿಯುವುದು ಇನ್ನೊಂದು ಶುರುವಾದ ಮೇಲೆ ಅಂತಾದರೆ ಎರಡೂ ಒಂದರ ಮೇಲೊಂದು ಬಿದ್ದಿವೆ. ಹಾಗಿದ್ದರೆ ಶೀಟಿನಲ್ಲಿ ಆ ಚೌಕ ಕೆಂಪಾಗುತ್ತದೆ. ಶೀಟಿನ ಕೌಂಟ್‌ಇಫ್ಸ್ ಸೂತ್ರದಲ್ಲೇ ಆಗುತ್ತದೆ, ದೊಡ್ಡ ಸಾಫ್ಟ್‌ವೇರ್ ಬೇಡ.

ಇನ್ನೊಂದು, ಇಬ್ಬರು ಹೋದರೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಿಲ್ಲ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ಆರೂ ಸೆಲ್ ನೋಡುವುದಕ್ಕೆ ಒಬ್ಬನಾದರೂ ಇಬ್ಬರಾದರೂ ಅಷ್ಟೇ ಹೊತ್ತು. ಐದು ಸೆಲ್ 1230 ತೋರಿಸಿ ಒಂದು 1150ಕ್ಕೆ ಕೂತಿದ್ದರೆ ಆ ಸೆಲ್ ಸೋತಿದೆ, ಇದನ್ನು ನೋಡಲು ಎರಡು ಜೊತೆ ಕಣ್ಣು ಬೇಡ. ಪ್ಯಾನೆಲ್ ಏರಿಸುವುದು ಇದಕ್ಕೆ ಪೂರ್ತಿ ಉಲ್ಟಾ. 540 ವಾಟ್ ಪ್ಯಾನೆಲ್ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, ಹತ್ತಿರ ಹತ್ತಿರ 28 ಕೆಜಿ. ಗಾಳಿ ಬೀಸಿದರೆ ಹಾಯಿಯ ಹಾಗೆ ಹಿಡಿದುಕೊಳ್ಳುತ್ತದೆ. ಒಬ್ಬನಿಗೆ ಎರಡು ಪಟ್ಟು ಹೊತ್ತು ಅಂತ ಬರೆಯುವುದಕ್ಕೂ ಬರುವುದಿಲ್ಲ, ಆಗುವುದೇ ಇಲ್ಲ. ಅದಕ್ಕೇ ಶೀಟಿನಲ್ಲಿ ಪ್ರತಿ ಕೆಲಸದ ಬಗೆಗೆ ಎರಡು ಹೊತ್ತು ಬರೆದಿದ್ದೇನೆ: ಒಬ್ಬನಿಗೆ ಎಷ್ಟು, ಇಬ್ಬರಿಗೆ ಎಷ್ಟು. ಕೆಲವು ಕಡೆ ಮೊದಲನೆಯದು ಖಾಲಿ.

ಐಸೋಲೇಟರ್ ಮೇಲೆ ಕೈ

ಬೊಮ್ಮನಳ್ಳಿ ಹತ್ತಿರದ ಒಂದು ತೋಟದ ಮನೆ. ಟೆರೇಸಿನಲ್ಲಿ ಆರು ಪ್ಯಾನೆಲ್, ಎಲ್ಲ ಸೀರೀಸಿನಲ್ಲಿ. ಕಂಪ್ಲೇಂಟ್ ಏನೆಂದರೆ ಬೆಳಿಗ್ಗೆ ಇನ್ವರ್ಟರ್ ಐಎಸ್‌ಒ ಫಾಲ್ಟ್ (ಇನ್ಸುಲೇಶನ್ ತೊಂದರೆ) ತೋರಿಸಿ ನಿಲ್ಲುತ್ತದೆ, ಬಿಸಿಲು ಬಿದ್ದ ಮೇಲೆ ತಾನಾಗಿ ಸರಿಯಾಗುತ್ತದೆ. ಮೊದಲು ಒಬ್ಬ ಎರಡು ಸಲ ಹೋಗಿ ಬಂದಿದ್ದ. ಎರಡು ಸಲವೂ ಮಧ್ಯಾಹ್ನ. ಎರಡು ಸಲವೂ 'ಸರಿ ಇದೆ' ಅಂತ ಬರೆದು ಬಂದಿದ್ದ. ಪಾಪ, ಅವನು ಹೋದಾಗ ಸರಿಯೇ ಇತ್ತು.

ಎಲ್ಲೋ ಒಂದು ಕನೆಕ್ಟರಿಗೆ ನೀರು ಹೋಗಿದೆ, ಒದ್ದೆ ಇದ್ದಾಗ ಕರೆಂಟು ಭೂಮಿಗೆ ಸೋರುತ್ತದೆ, ಒಣಗಿದರೆ ಗುರುತು ಸಿಗುವುದಿಲ್ಲ ಅಂತ ಅಣ್ಣನಿಗೆ ಅನ್ನಿಸಿತು. ಅಂದರೆ ಆ ಕೆಲಸ ಬೆಳಿಗ್ಗೆ ಮೊದಲನೆಯದಾಗಬೇಕು. ಬೋರ್ಡಿನಲ್ಲಿ ಮೇಲಿನ ಹುಕ್ಕಿಗೇ ಹಾಕಬೇಕಾದ ಕಾರ್ಡ್. ಅವತ್ತಿನಿಂದ 'ಬೆಳಿಗ್ಗೆಯೇ' ಅಂತ ಒಂದು ಗುರುತು ಸೇರಿತು.

ಏಳೂವರೆಗೆ ತಲುಪಿದರು. ಪ್ಯಾನೆಲ್ ಒಂದೊಂದಕ್ಕೂ ತೆರೆದ ವೋಲ್ಟೇಜ್ 49ರ ಆಸುಪಾಸು, ಆರು ಸೇರಿದರೆ 300 ವೋಲ್ಟಿನ ಹತ್ತಿರ ಡಿಸಿ. ಕರೆಂಟು ಹರಿಯುತ್ತಿರುವಾಗ ಪ್ಯಾನೆಲ್ ವೈರು ಜೋಡಿಸುವ ಎಂಸಿ4 ಕನೆಕ್ಟರ್ ಬಿಚ್ಚಿದರೆ ಆರ್ಕ್ (ಉರಿಯುವ ಕಿಡಿ) ಎಳೆಯುತ್ತದೆ, ಕೈ ಸುಡುತ್ತದೆ. ಡಿಸಿ ಆರ್ಕ್ ಎಸಿ ಥರ ತಾನಾಗಿ ಆರುವುದಿಲ್ಲ. ಕೆಳಗೆ ಐಸೋಲೇಟರ್ (ಪ್ಯಾನೆಲ್ಲಿನ ಡಿಸಿ ಬಂದ್ ಮಾಡುವ ಸ್ವಿಚ್ಚು) ಹತ್ತಿರ ಅಣ್ಣ, ಮೇಲೆ ಹುಡುಗ. ಅಣ್ಣ ಐಸೋಲೇಟರ್ ತಿರುಗಿಸಿ ಅದರ ಮೇಲೆ ಕೈ ಇಟ್ಟುಕೊಂಡೇ "ಆಫ್" ಅಂತ ಕೂಗಿದರು. ಹುಡುಗ ಕ್ಲಾಂಪ್ ಮೀಟರ್ ಹಾಕಿ ನೋಡಿ "ಸೊನ್ನೆ" ಅಂದ. ಆಮೇಲೇ ಬಿಚ್ಚಿದ್ದು. ಹೆಸ್ಕಾಂ ಲೈನ್‌ಮ್ಯಾನ್‌ಗಳು ಲೈನ್ ಕ್ಲಿಯರ್ (ಲೈನ್ ಬಂದಾಗಿದೆ ಅನ್ನುವ ಖಾತರಿ) ತೆಗೆದುಕೊಳ್ಳದೆ ಕಂಬ ಹತ್ತಬಾರದು ಅನ್ನುವುದೂ ಇದಕ್ಕೇ. ಒಬ್ಬನೇ ಹೋದಾಗ ಕೆಳಗೆ ಆಫ್ ಮಾಡಿ ಮೇಲೆ ಹತ್ತಿ ಬರುವಷ್ಟರಲ್ಲಿ ಮನೆಯವರು ಯಾರಾದರೂ 'ಇದ್ಯಾಕೆ ಬಂದಾಗಿದೆ' ಅಂತ ತಿರುಗಿಸಿದರೆ? ಇಷ್ಟು ವರ್ಷ ಏನೂ ಆಗಲಿಲ್ಲ ಅನ್ನುವುದನ್ನು ನೆನೆದರೆ ಮೈ ಝುಂ ಅನ್ನುತ್ತದೆ.

ನಾಲ್ಕನೇ ಮತ್ತು ಐದನೇ ಪ್ಯಾನೆಲ್ ನಡುವಿನ ಕನೆಕ್ಟರ್ ಪೂರ್ತಿ ಒತ್ತಿ ಕೂರಿಸಿರಲಿಲ್ಲ. ಒಳಗೆ ಹಸಿರು ಕಿಲುಬು. ಎರಡೂ ತುದಿ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದರು, ಕೇಬಲ್ ನೆಲ ಮುಟ್ಟದ ಹಾಗೆ ಮೇಲಕ್ಕೆ ಕಟ್ಟಿದರು. ಹುಡುಗ ಆ ಹಳೇ ಕನೆಕ್ಟರನ್ನು ತಂದು ಬೋರ್ಡಿನ ಕೆಳಗೆ ಮೊಳೆಗೆ ನೇತು ಹಾಕಿದ್ದಾನೆ. ಹೊಸದಾಗಿ ಕನೆಕ್ಟರ್ ಹಾಕುವಾಗ 'ಟಿಕ್' ಶಬ್ದ ಬಂತಾ ಅಂತ ಈಗ ಅವನೇ ಬೇರೆಯವರನ್ನು ಕೇಳುತ್ತಾನೆ. ಅವನನ್ನು ಒಬ್ಬನೇ ಕಳಿಸುತ್ತಿದ್ದಾಗ ಒಂದು ವರ್ಷ ಕಲಿಯದ್ದನ್ನು ಅಣ್ಣನ ಜೊತೆ ಒಂದೂವರೆ ತಿಂಗಳಲ್ಲಿ ಕಲಿತ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಇದೇ.

ಘಟ್ಟ

ಕುಮಟಾ ತಂಡವನ್ನು ಮೊದಲು ಬೇಕಾದಾಗ ಮೇಲೆ ಕರೆಯುತ್ತಿದ್ದೆ, ಮೇಲಿನವರನ್ನು ಕೆಳಗೆ ಕಳಿಸುತ್ತಿದ್ದೆ. ಶಿರಸಿಯಿಂದ ಕುಮಟಾ ಸುಮಾರು 60 ಕಿಲೋಮೀಟರ್, ದೇವಿಮನೆ ಘಟ್ಟ ಇಳಿಯಬೇಕು. ಮಳೆಗಾಲದಲ್ಲಿ ಆ ಲೆಕ್ಕ ಹಿಡಿಯಲು ಬರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು, ಅದರ ಮರುತಿಂಗಳು 7ರ ಬೆಳಗಿನ ಜಾವ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಶಿರೂರಿನಲ್ಲಿ ಜೀವ ಹೋದ ಮನೆಗಳಿವೆ. ಅದರ ಮುಂದೆ ನಮ್ಮ ಕೆಲಸದ ತೊಂದರೆ ತೊಂದರೆಯೇ ಅಲ್ಲ. ಆದರೆ ಗುಡ್ಡದ ಕೆಳಗಿನ ರಸ್ತೆಯಲ್ಲಿ ಹುಡುಗರನ್ನು ಜೋರು ಮಳೆಯಲ್ಲಿ ಓಡಾಡಿಸುವ ಮೊದಲು ಎರಡು ಸಲ ಯೋಚಿಸಬೇಕು ಅಂತ ಅದೇ ಕಲಿಸಿತು.

ಈಗ ಒಂದು ಗಟ್ಟಿ ನಿಯಮ. ಜೂನ್‌ನಿಂದ ಸೆಪ್ಟೆಂಬರ್ ತನಕ ತಂಡ ಘಟ್ಟ ದಾಟುವುದಿಲ್ಲ. ಸಾಮಾನು ಬೇಕಾದರೆ ಬಸ್ಸಿಗೆ ಹಾಕಿ ಕಳಿಸುತ್ತೇವೆ. ಕುಮಟಾ ತಂಡ ಹೊನ್ನಾವರದಿಂದ ಅಂಕೋಲಾ ತನಕ. ಅಲ್ಲಿ ಕೆಲಸದ ಬಗೆಯೂ ಬೇರೆ. ಕಡಲ ಗಾಳಿಗೆ ಟರ್ಮಿನಲ್, ನಟ್ಟು, ಸ್ಟ್ಯಾಂಡು ಬೇಗ ತುಕ್ಕು ಹಿಡಿಯುತ್ತವೆ. ಆ ಇಬ್ಬರಿಗೆ ಅದರ ಕೈ ಬಂದಿದೆ.

ಒಬ್ಬ ರಜೆ ಹಾಕಿದರೆ

ಇದೇ ಎಲ್ಲರೂ ಕೇಳುವುದು. ಮೊದಲು ನಾನು ಉಳಿದ ಒಬ್ಬನಿಗೆ ಅದೇ ಕಾರ್ಡ್‌ಗಳನ್ನೆಲ್ಲ ಕೊಟ್ಟು 'ಹೇಗಾದರೂ ನೋಡು' ಅನ್ನುತ್ತಿದ್ದೆ. ಅದು ಹಳೇ ಚಾಳಿಗೇ ವಾಪಸ್ ಹೋದ ಹಾಗೆ. ಈಗ ಬೆಳಿಗ್ಗೆ ಕ್ಲಿಪ್ಪಿನಿಂದ ಒಂದು ಹೆಸರು ತೆಗೆದರೆ ಆ ಸಾಲಿನ ಹಳದಿ, ಕೆಂಪು ಕಾರ್ಡ್‌ಗಳನ್ನೂ ತೆಗೆಯುತ್ತೇನೆ. ಟೇಪ್ ಇಲ್ಲದವು ಮಾತ್ರ ಉಳಿಯುತ್ತವೆ. ತೆಗೆದ ಮನೆಗಳಿಗೆ ಎಂಟೂಮುಕ್ಕಾಲರ ಒಳಗೆ ನಾನೇ ಫೋನ್ ಮಾಡುತ್ತೇನೆ. "ಇವತ್ತು ಒಬ್ಬನೇ ಇದ್ದಾನೆ, ನಾಳೆ ಇಬ್ಬರೂ ಬರುತ್ತಾರೆ" ಅಂದರೆ ಬೈದವರು ಕಡಿಮೆ. ಕಾದು ಕೂತು, ಬಂದವನು ಕೆಲಸ ಮಾಡದೆ ಹೋದರೆ ಬೈಯುತ್ತಾರೆ, ಅದು ಸರಿಯೇ.

ಚೌತಿ ವಾರ ಕಷ್ಟವಾಯಿತು. ಹಬ್ಬಕ್ಕೆ ಮುಂಚೆ ಪ್ರತಿ ಮನೆಗೂ ಇನ್ವರ್ಟರ್ ಸರಿಯಾಗಬೇಕು, ಹುಡುಗರಿಗೂ ಹಬ್ಬಕ್ಕೆ ಮನೆಗೆ ಹೋಗಬೇಕು. ರಜೆಯನ್ನು ಒಬ್ಬೊಬ್ಬರಿಗೆ ಕೊಡದೆ ಜೋಡಿಗೇ ಕೊಟ್ಟೆ. ಎರಡು ಅರ್ಧ ತಂಡಕ್ಕಿಂತ ಒಂದು ಪೂರ್ತಿ ತಂಡ ಜಾಸ್ತಿ ಕೆಲಸ ಮುಗಿಸಿತು.

ಇನ್ಸೆಂಟಿವ್ ಮೊದಲು ಕಾಲ್ ಎಣಿಸಿ ಕೊಡುತ್ತಿದ್ದದ್ದು. ಈಗ ಮುಗಿದ ಕೆಲಸಕ್ಕೆ, ಜೋಡಿಗೆ ಸಮ ಪಾಲು. ಹದಿನೈದು ದಿನದೊಳಗೆ ಅದೇ ಕಂಪ್ಲೇಂಟ್ ವಾಪಸ್ ಬಂದರೆ ಎರಡನೇ ಭೇಟಿಗೆ ಇಲ್ಲ. ಅಣ್ಣನಿಗೆ ಮೊದಲು ಬೇಸರ ಆಯಿತು. "ಇಪ್ಪತ್ತು ವರ್ಷದ ಕೈ ಮತ್ತು ಒಂದು ವರ್ಷದ ಕೈ ಒಂದೇ ಆಯ್ತಾ?" ಅಂತ ನೇರವಾಗಿ ಕೇಳಿದರು. ಅವರು ಕೇಳಿದ್ದರಲ್ಲಿ ನ್ಯಾಯ ಇತ್ತು. ಪಾಲು ಸಮವೇ ಇಟ್ಟೆ, ಕಲಿಸುವುದಕ್ಕೆ ಅಂತ ತಿಂಗಳಿಗೆ ಬೇರೆ ಒಂದು ಮೊತ್ತ ಸಂಬಳಕ್ಕೆ ಸೇರಿಸಿದೆ. ಹುಡುಗನ ಎದುರೇ ಹೇಳಿದೆ.

ಬೋರ್ಡಿನ ರಿಪೇರಿ

ಆಗಸ್ಟ್ ಹೊತ್ತಿಗೆ ಬೋರ್ಡಿಗೆ ಬೂಷ್ಟು ಹಿಡಿಯಿತು. ಗೋಡೆಯ ಥಂಡಿ ಪ್ಲೈವುಡ್ಡಿಗೆ ಇಳಿದು ಕೆಳಗಿನ ಅಂಚು ಉಬ್ಬಿತು, ಹುಕ್ಕುಗಳು ಸಡಿಲವಾದವು, ರಟ್ಟಿನ ಕಾರ್ಡ್ ಹಪ್ಪಳದ ಹಾಗೆ ಸುರುಳಿ ಸುತ್ತಿತು. ಶಿರಸಿಯ ಮಳೆ ಗೊತ್ತಿತ್ತು, ಇದನ್ನು ಮೊದಲೇ ಯೋಚಿಸಬೇಕಿತ್ತು. ಬೋರ್ಡ್ ಇಳಿಸಿ ಹಿಂದೆ ಎರಡು ರೀಪು ಹೊಡೆದು ಗೋಡೆಯಿಂದ ಒಂದಿಂಚು ದೂರ ಮಾಡಿದೆ, ಗಾಳಿ ಆಡಲಿ ಅಂತ. ಅಂಚಿಗೆಲ್ಲ ಎರಡು ಕೋಟು ವಾರ್ನಿಶ್. ತುಕ್ಕು ಹಿಡಿದ ಹುಕ್ಕಿನ ಬದಲು ಸ್ಟೇನ್‌ಲೆಸ್ ಹುಕ್ಕು. ಕಾರ್ಡ್‌ಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದೆ, ಈಗ ಮಾರ್ಕರಿನಲ್ಲಿ ಬರೆದು ಒರೆಸಬಹುದು.

ಸೆಪ್ಟೆಂಬರ್ ಕೊನೆಗೆ ಮತ್ತೆ ಕೆಂಪು ಪೆನ್ ಹಿಡಿದು ಪುಸ್ತಕದ ಮುಂದೆ ಕೂತೆ. ದಿನದ ಭೇಟಿಗಳು ಮೊದಲಿಗಿಂತ ಕಡಿಮೆ, ಅದು ನಿಜ. ಕೆಂಪು ಗೆರೆ ಪುಟಕ್ಕೆ ಒಂದು, ಕೆಲವು ಪುಟದಲ್ಲಿ ಒಂದೂ ಇಲ್ಲ. ಉಳಿದ ಗೆರೆಗಳು ಹೆಚ್ಚಾಗಿ ಸಾಮಾನು ತಪ್ಪು ಒಯ್ದದ್ದು. ಅದಕ್ಕೆ ತಂಡಕ್ಕೊಂದು ಡಬ್ಬಿ ಮಾಡುತ್ತಿದ್ದೇನೆ. ಒಳಗಿನ ಪ್ರತಿ ಸಾಮಾನಿಗೂ ಅದರ ಆಕಾರದ ಮನೆ ಕತ್ತರಿಸಿದ ಫೋಮ್, ಏನು ಇಲ್ಲ ಅಂತ ಮುಚ್ಚಳ ತೆಗೆದ ಕೂಡಲೇ ಕಾಣಬೇಕು. ಫೋಮ್ ಹುಬ್ಬಳ್ಳಿಯಿಂದ ಇನ್ನೂ ಬಂದಿಲ್ಲ.

ನಿನ್ನೆ ಹುಡುಗ ತಾನೇ ಫೋನ್ ಎತ್ತಿ ಒಂದು ಕಂಪ್ಲೇಂಟ್ ಬರೆದುಕೊಂಡ. ಕಾರ್ಡ್ ತಂದು ಹುಲೇಕಲ್ ಸಾಲಿನ ಗುರುವಾರದ ಮೇಲಿನ ಹುಕ್ಕಿಗೆ ಹಾಕಿದ. ಮೂಲೆಯಲ್ಲಿ ಹಳದಿ ಟೇಪ್ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದ: 'ಸಂಕ ಇದೆ. ಅಜ್ಜ ಅಜ್ಜಿ ಇಬ್ಬರೇ. ಗಳ ಒಯ್ಯಬೇಕು.'